ಅಕ್ಕಾ, ನೀವು ಏನು ತಿಂದು ಬದುಕಿದ್ದೀರಿ?

ಮದುವೆ ಮನೆಯಿರಲಿ, ಸೋಮವಾರಪೇಟೆ ಸಂತೆಯಿರಲಿ, ನನ್ನ ಕಥೆ ಗೊತ್ತಿದ್ದವರು ಕೇಳುವುದು ಇದೊಂದೇ ಪ್ರಶ್ನೆ. ಕೇಳುವವರಲ್ಲಿ ಕುತೂಹಲಕ್ಕಿಂತ ಪ್ರೀತಿಯೇ ಜಾಸ್ತಿ. ಕೆಲವರ ಮನೆಯಲ್ಲಿ ಕರುಳಿನ ಆಪರೇಷನ್ ಆದವರು ಇರುತ್ತಾರೆ. ಅವರಿಗೆ ದಾರಿಯಲ್ಲಿ ನಿಂತು ಅರ್ಧ ಉತ್ತರ ಕೊಟ್ಟರೆ ಸಾಲದು ಅಂತ ಇದನ್ನು ಬರೆಯುತ್ತಿದ್ದೇನೆ.

ಒಂದು ರಾತ್ರಿ ನನ್ನ ಸಣ್ಣ ಕರುಳು ತಿರುಚಿಕೊಂಡಿತು. ಹಾಗಾದಾಗ ಅದಕ್ಕೆ ಹೋಗುವ ರಕ್ತ ನಿಲ್ಲುತ್ತದೆ. ಕೆಲವೇ ಗಂಟೆಗಳಲ್ಲಿ ಕರುಳು ಸಾಯುತ್ತದೆ. ಮೈಸೂರಿನ ಆಸ್ಪತ್ರೆ ಸೇರುವಾಗ ಬೆಳಗಾಗಿತ್ತು, ಸತ್ತ ಭಾಗವನ್ನೆಲ್ಲ ಕತ್ತರಿಸಿ ತೆಗೆಯಬೇಕಾಯಿತು. ದೊಡ್ಡವರಿಗೆ ಸಣ್ಣ ಕರುಳು ಸುಮಾರು 6 ಮೀಟರ್ ಇರುತ್ತದೆ. ನನಗೆ ಉಳಿದದ್ದು 70 ಸೆಂಟಿಮೀಟರ್. 2 ಮೀಟರ್‌ಗಿಂತ ಕಡಿಮೆ ಉಳಿದರೆ ಅದನ್ನು ಶಾರ್ಟ್ ಬವೆಲ್ ಸಿಂಡ್ರೋಮ್ ಎನ್ನುತ್ತಾರೆ. ಡಾಕ್ಟರು ನಮ್ಮ ಯಜಮಾನರನ್ನು ಹೊರಗೆ ಕರೆದು, ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ, ಉಳಿದರೂ ಜೀವನಪೂರ್ತಿ ರಕ್ತನಾಳದ ಮೂಲಕವೇ ಆಹಾರ ಕೊಡಬೇಕಾಗಬಹುದು ಎಂದರಂತೆ. ಅದನ್ನು ಟಿಪಿಎನ್ ಎನ್ನುತ್ತಾರೆ. ಖರ್ಚು ಬಹಳ, ಆ ನಳಿಕೆಗೆ ಸೋಂಕು ತಗುಲಿದರೆ ಜೀವಕ್ಕೇ ಅಪಾಯ. ಮಳೆಗಾಲದಲ್ಲಿ ಕರೆಂಟೇ ಇರದ ತೋಟದ ಮನೆಯಲ್ಲಿ ಅದನ್ನು ನಡೆಸುವುದು ಹೇಗೆ? ನಮ್ಮವರಿಗೆ ಆ ಚಿಂತೆಯಲ್ಲೇ ನಿದ್ದೆ ಹೋಗಿತ್ತು.

ಆದರೆ ನನಗೆ ದೊಡ್ಡ ಕರುಳು ಪೂರ್ತಿ ಉಳಿದಿತ್ತು. ಇದು ನನ್ನ ಪುಣ್ಯ ಅಂತಲೇ ಹೇಳುತ್ತೇನೆ. ದೊಡ್ಡ ಕರುಳು ನೀರು, ಉಪ್ಪು ಹೀರುತ್ತದೆ. ಸಣ್ಣ ಕರುಳಲ್ಲಿ ಜೀರ್ಣವಾಗದೆ ಬಂದ ಅನ್ನದ ಅಂಶವನ್ನು ಅಲ್ಲಿರುವ ಬ್ಯಾಕ್ಟೀರಿಯಾ ಹುಳಿಸಿ, ಅದರಿಂದಲೂ ಒಂದಿಷ್ಟು ಶಕ್ತಿ ತೆಗೆದುಕೊಡುತ್ತವೆ. ಇನ್ನೊಂದು ವಿಷಯ, ಉಳಿದ ಕರುಳು ಸುಮ್ನೆ ಇರುವುದಿಲ್ಲ. ಮೊದಲ ಒಂದೆರಡು ವರ್ಷದಲ್ಲಿ ಅದು ಅಗಲವಾಗುತ್ತದೆ, ಒಳಗಿನ ಎಳೆಗಳು ಉದ್ದವಾಗುತ್ತವೆ, ಹೀರುವ ಶಕ್ತಿ ಹೆಚ್ಚುತ್ತದೆ. ಅದಕ್ಕೆ ಬಾಯಿಂದ ಊಟ ಬೀಳುತ್ತಲೇ ಇರಬೇಕು. ಭೇದಿಯಾಗುತ್ತದೆ ಅಂತ ಹೆದರಿ ಉಪವಾಸ ಕೂತರೆ ಕರುಳು ಬೆಳೆಯುವುದಿಲ್ಲ. ನನ್ನ ಟಿಪಿಎನ್ ನಳಿಕೆಯನ್ನು ಒಂದೇ ಸಲ ತೆಗೆಯಲಿಲ್ಲ. ವಾರಕ್ಕೆ ಒಂದು ರಾತ್ರಿ ಬಿಟ್ಟು ನೋಡಿದರು, ಆಮೇಲೆ ಎರಡು ರಾತ್ರಿ. ಪ್ರತಿ ಸಲ ತೂಕ, ಮೂತ್ರದ ಅಳತೆ, ರಕ್ತಪರೀಕ್ಷೆ.

ನಿಜ ಹೇಳಬೇಕೆಂದರೆ ಏನು ತಿಂದೆ ಅನ್ನುವುದಕ್ಕಿಂತ ಏನು ಕುಡಿದೆ ಅಂತ ಕೇಳಬೇಕು. ಬಂದವರೆಲ್ಲ "ಚೆನ್ನಾಗಿ ನೀರು ಕುಡೀರಿ" ಎನ್ನುತ್ತಿದ್ದರು. ನನ್ನಂಥವರಿಗೆ ಬರೀ ನೀರು ಜಾಸ್ತಿಯಾದರೆ ಕಷ್ಟ. ಅದು ಮೈಯಲ್ಲಿದ್ದ ಉಪ್ಪನ್ನು ಕರುಳಿಗೆ ಎಳೆದುಕೊಂಡು ಹೊರಗೆ ಹೋಗುತ್ತದೆ. ಕುಡಿದಷ್ಟೂ ಬಾಯಾರಿಕೆ, ಕುಡಿದಷ್ಟೂ ಸುಸ್ತು. ಉಪ್ಪು ಮತ್ತು ಗ್ಲೂಕೋಸ್ ಜೊತೆಯಾಗಿದ್ದರೆ ಕರುಳು ಎರಡನ್ನೂ ಚೆನ್ನಾಗಿ ಒಳಗೆ ಬಿಟ್ಟುಕೊಳ್ಳುತ್ತದೆ, ಅವುಗಳ ಹಿಂದೆಯೇ ನೀರೂ ಒಳಗೆ ಹೋಗುತ್ತದೆ. ಓಆರ್‌ಎಸ್ ಕೆಲಸ ಮಾಡುವುದೇ ಹೀಗೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರಗಳಿಗೆ ಕಾಲರಾ ಬಂದಾಗ, ಡಾ. ದಿಲೀಪ್ ಮಹಾಲನಬಿಸ್ ಪಶ್ಚಿಮ ಬಂಗಾಳದ ಬಂಗಾಂವ್‌ನಲ್ಲಿ ಇದನ್ನೇ ಡ್ರಮ್‌ಗಳಲ್ಲಿ ತುಂಬಿ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಅವರನ್ನು ನಾನು ನೋಡಿದವಳಲ್ಲ. ಆದರೂ ಪ್ರತಿದಿನ ಬೆಳಿಗ್ಗೆ ಬಾಟಲಿ ಕಲಸುವಾಗ ಅವರು ನೆನಪಾಗುತ್ತಾರೆ.

ಒಂದು ಪ್ಯಾಕೆಟ್‌ಗೆ ಸರಿಯಾಗಿ ಒಂದು ಲೀಟರ್ ನೀರು. ವಿಶ್ವ ಆರೋಗ್ಯ ಸಂಸ್ಥೆಯ (ಡಬ್ಲ್ಯುಎಚ್‌ಒ) ಲೆಕ್ಕದ ಪ್ಯಾಕೆಟ್‌ನಲ್ಲಿ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್ ಇರುತ್ತದೆ, ಹಿಂದೆ ತಿರುಗಿಸಿ ಓದಿ. ಹಣ್ಣಿನ ರಸದಂಥ ಸಿಹಿ ಡಬ್ಬಿಗಳಲ್ಲಿ ಸಕ್ಕರೆಯೇ ಜಾಸ್ತಿ, ಅದು ಭೇದಿಯನ್ನು ಹೆಚ್ಚಿಸುತ್ತದೆ. ಅಂಥವಕ್ಕೆ ಓಆರ್‌ಎಸ್ ಅನ್ನೋ ಹೆಸರು ಹಾಕಬಾರದು ಅಂತ 2025ರಲ್ಲಿ ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರವೇ ಹೇಳಿತು. ಪ್ರೀತಿಯಿಂದ ಎಳನೀರು ತರುವವರಿದ್ದಾರೆ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ನನಗೆ ಬೇಕಾದದ್ದು ಸೋಡಿಯಂ. ಕಾಫಿ ಕುಯ್ಯುವ ಸಮಯದಲ್ಲಿ ತೋಟಕ್ಕೆ ಹೋದಾಗಲೂ ಬಾಟಲಿ ನನ್ನ ಜೊತೆಯೇ ಇರುತ್ತದೆ, ಗುಟುಕು ಗುಟುಕಾಗಿ ದಿನವಿಡೀ ಕುಡಿಯುತ್ತೇನೆ.

ಇನ್ನು ಊಟ. ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ. ಅನ್ನ, ಗಂಜಿ, ಅಕ್ಕಿ ರೊಟ್ಟಿ, ಕಡುಬು, ಮೊಟ್ಟೆ, ಕೋಳಿ, ಮೀನು. ಹಬ್ಬಕ್ಕೆ ಪಂದಿ ಕರಿ ಮಾಡಿದರೆ ಕೊಬ್ಬು ತೆಗೆದು ಎರಡು ತುಂಡು. ಬೆಲ್ಲದ ಕಾಫಿ ಬಿಡಬೇಕಾಯಿತು. ಅದಕ್ಕಿಂತ ಸಂಕಟವಾದದ್ದು ಕೆಸುವಿನ ಎಲೆಯ ಪತ್ರೊಡೆ ಬಿಟ್ಟದ್ದು. ಮಳೆಗಾಲದಲ್ಲಿ ಅತ್ತೆ ಮಾಡುವ ಪತ್ರೊಡೆಯ ವಾಸನೆ ಬಂದರೆ ಈಗಲೂ ಕಣ್ಣು ತುಂಬುತ್ತದೆ. ಆದರೆ ಕೆಸುವಿನಲ್ಲಿ ಆಕ್ಸಲೇಟ್ ಅನ್ನೋ ಅಂಶ ಬಹಳ. ಹೀರಿಕೊಳ್ಳದೆ ಉಳಿದ ಕೊಬ್ಬು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ಆಗ ಆಕ್ಸಲೇಟನ್ನು ಕಟ್ಟಿಹಾಕಲು ಕ್ಯಾಲ್ಸಿಯಂ ಉಳಿಯದೆ ಅದು ದೊಡ್ಡ ಕರುಳಿನಿಂದ ರಕ್ತಕ್ಕೆ ಸೇರಿ ಕಿಡ್ನಿಯಲ್ಲಿ ಕಲ್ಲಾಗುತ್ತದೆ. ನೀರಿನಂಶ ಕಡಿಮೆ ಇರುವ ಮೈಗೆ ಅದು ಬೇಗ ಆಗುತ್ತದೆ.

ಮದ್ದು ಸೊಪ್ಪಿನ ಬಗ್ಗೆಯೂ ಕೇಳುತ್ತಾರೆ. ಕೊಡಗಿನ ಕಕ್ಕಡ ತಿಂಗಳ 18ರಂದು, ಅಂದರೆ ಆಗಸ್ಟ್ 3ಕ್ಕೆ, ನಮ್ಮ ಮನೆಯಲ್ಲೂ ಆ ಸೊಪ್ಪಿನ ಪಾಯಸ ಮಾಡುತ್ತೇವೆ. ಹಿರಿಯರ ಮೇಲಿನ ಗೌರವಕ್ಕೆ ಎರಡು ಚಮಚ ತಿನ್ನುತ್ತೇನೆ. ನನ್ನನ್ನು ಉಳಿಸಿದ್ದು ಅದು ಅಂತ ಹೇಳಲಾರೆ. ಹಾಗೆ ಹೇಳಿದರೆ ಯಾರೋ ಒಬ್ಬರು ಮಾತ್ರೆ ಬಿಟ್ಟು ಸೊಪ್ಪು ಅರೆಯುತ್ತಾ ಕೂರುತ್ತಾರೆ ಅಲ್ವಾ?

ಔಷಧಿ ಇದ್ದೇ ಇದೆ. ಊಟಕ್ಕೆ ಅರ್ಧ ಗಂಟೆ ಮೊದಲು ಕರುಳಿನ ಓಟ ನಿಧಾನ ಮಾಡುವ ಲೋಪೆರಮೈಡ್. ಬಿ12 ವಿಟಮಿನ್ ಹೀರುವ ಸಣ್ಣ ಕರುಳಿನ ಕೊನೆಯ ಭಾಗವೇ ನನಗಿಲ್ಲ, ಅದಕ್ಕೆ ಇಂಜೆಕ್ಷನ್, ಜೀವನಪೂರ್ತಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಾದಾಪುರದ ಕಡೆ ರಸ್ತೆಗಳೇ ಕೊಚ್ಚಿಹೋದ ಮೇಲೆ, ಪ್ರತಿ ವರ್ಷ ಜೂನ್‌ಗೆ ಮೊದಲೇ ಮಾತ್ರೆ, ಪ್ಯಾಕೆಟ್ ಎಲ್ಲ ತಂದಿಟ್ಟುಕೊಳ್ಳುತ್ತೇವೆ. ಮೂತ್ರ ಕಡಿಮೆಯಾಗಿ ತಲೆ ಸುತ್ತಿದರೆ ಕಾಯುವುದಿಲ್ಲ, ಮಡಿಕೇರಿಗೆ ಹೋಗಿ ಡ್ರಿಪ್ಸ್ ಹಾಕಿಸಿಕೊಳ್ಳುತ್ತೇನೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಕರುಳು ತೆಗೆದಿದ್ದರೆ, ಡಿಸ್ಚಾರ್ಜ್ ಆಗುವ ಮೊದಲು ಸರ್ಜನ್ ಹತ್ತಿರ ಎರಡು ವಿಷಯ ಬರೆಸಿಕೊಳ್ಳಿ. ಎಷ್ಟು ತೆಗೆದರು ಅಂತ ಅಲ್ಲ, ಸಣ್ಣ ಕರುಳು ಎಷ್ಟು ಉಳಿದಿದೆ ಅಂತ. ಮತ್ತೆ ದೊಡ್ಡ ಕರುಳು ಸಣ್ಣ ಕರುಳಿಗೆ ಜೋಡಣೆಯಾಗಿ ಇದೆಯಾ ಅಂತ. ಆಮೇಲೆ ನೋಡುವ ಪ್ರತಿಯೊಬ್ಬ ಡಾಕ್ಟರಿಗೂ ಮೊದಲು ಬೇಕಾಗುವುದು ಅದೇ. ಆ ಕಾಗದ ಕೈಯಲ್ಲಿಟ್ಟುಕೊಂಡು ನನಗೆ ಫೋನ್ ಮಾಡಿದರೆ ನಾನೂ ಕೂತು ಮಾತಾಡುತ್ತೇನೆ, ಎಷ್ಟು ಹೊತ್ತಾದರೂ ಸರಿ.