ಮಾಘದಲ್ಲಿ ಜೋಗಿಮಟ್ಟಿ

ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಬೆಟ್ಟಕ್ಕೆ ಹೆಚ್ಚಿನವರು ಹೋಗುವುದು ಮಳೆಗಾಲದಲ್ಲಿ, ಮಂಜು ನೋಡಲು. ನಾವೂ ಹಾಗೇ ಹೋಗುತ್ತಿದ್ದೆವು. ಈ ಸಲ ಸಂಕ್ರಾಂತಿ ಕಳೆದು ಎರಡು ವಾರಕ್ಕೆ ಹೊರಟೆವು. ಕಾಡಿನ ಬಣ್ಣ ನೋಡಬೇಕೆಂದರೆ ಇದೇ ಸಮಯ. ನಮ್ಮ ಕಡೆಯ ಕುರುಚಲು ಕಾಡು ಎಲೆ ಉದುರಿಸುವುದು ಶಿಶಿರದಲ್ಲಿ, ನೆಲದ ಪಸೆ ಆರಿದ ಮೇಲೆ.

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್. ಅದರ ಬಗ್ಗೆ ಹೇಳುವಂಥದ್ದೇನಿಲ್ಲ. ದುರ್ಗದಿಂದ ಮೇಲಕ್ಕೆ ಹತ್ತು ಕಿಲೋಮೀಟರ್ ಆಗಬಹುದು, ಆದರೆ ಅದಕ್ಕೆ ಒಂದು ಗಂಟೆಯಾದರೂ ಇಟ್ಟುಕೊಳ್ಳಿ. ರಸ್ತೆ ಕಿರಿದು, ತಿರುವು ಕಡಿದು. ಇಳಿಯುವಾಗ ಎರಡನೇ ಗೇರ್ ಬಿಡಬೇಡಿ, ಬರೀ ಬ್ರೇಕ್ ನಂಬಿದರೆ ಕಾದುಬಿಡುತ್ತದೆ.

ಎರಡು ತಿರುವು ದಾಟುತ್ತಿದ್ದಂತೆ ಅಮ್ಮ ಕಾರು ನಿಲ್ಲಿಸಲು ಹೇಳಿದರು. ಹೊಳಲ್ಕೆರೆ ಕಡೆಯ ಹಳ್ಳಿಯಲ್ಲಿ ಬೆಳೆದವರು, ಮರ ಕಂಡರೆ ಹೆಸರು ಹಿಡಿದು ಕರೆಯುತ್ತಾರೆ. "ಅಕಾ, ದಿಂಡಿಗ ಹೆಂಗೆ ಕೆಂಪಾಗೇತಿ ನೋಡು!" ಇಳಿಜಾರಿನುದ್ದಕ್ಕೂ ತಾಮ್ರದ ಬಣ್ಣ. ನಡುನಡುವೆ ಎಲೆಯೇ ಇಲ್ಲದ ಬೋಳು ಕೊಂಬೆಗಳು, ಅವುಗಳ ಹಿಂದೆ ಗುಡ್ಡದ ಸಾಲಿನಲ್ಲಿ ತಿರುಗುವ ಗಾಳಿಯಂತ್ರಗಳು. ಮುತ್ತುಗ ಇನ್ನೂ ಮೊಗ್ಗಿನಲ್ಲಿತ್ತು. ಅದರ ಕೇಸರಿ ಬೇಕಿದ್ದರೆ ಶಿವರಾತ್ರಿಯ ಹೊತ್ತಿಗೆ ಹೋಗಿ.

ಎಲೆ ಉದುರಿದ್ದರಿಂದ ಇನ್ನೊಂದು ಲಾಭ: ಪ್ರಾಣಿ ಕಣ್ಣಿಗೆ ಬೀಳುತ್ತದೆ. 2015ರಲ್ಲಿ ವನ್ಯಜೀವಿಧಾಮವಾದ ಕಾಡಿದು. ಕರಡಿ, ಚಿರತೆ, ಕೊಂಡುಕುರಿ (ನಾಲ್ಕು ಕೊಂಬಿನ ಪುಟ್ಟ ಹುಲ್ಲೆ) ಎಲ್ಲ ಇವೆ. ಇಂಜಿನ್ ಆರಿಸಿ ಐದು ನಿಮಿಷ ಸುಮ್ಮನೆ ಕೂತಿದ್ದೆವು. ತರಗೆಲೆಯ ಸದ್ದು ಮೊದಲು ಬಂತು, ಆಮೇಲೆ ಆಡಿನಷ್ಟು ಎತ್ತರದ ಕಂದು ಪ್ರಾಣಿಯೊಂದು. ನಮ್ಮನ್ನೇ ನೋಡಿತು, ಮೂರು ನೆಗೆತಕ್ಕೆ ಮರೆಯಾಯಿತು. ಕೊಂಬಿರಲಿಲ್ಲ, ಮುಂಗಾಲ ಮೇಲೆ ಕಪ್ಪು ಪಟ್ಟಿ ಇತ್ತು. ಅರಣ್ಯ ಕಾವಲುಗಾರರೊಬ್ಬರಿಗೆ ಹೇಳಿದಾಗ, "ಹೆಣ್ಣು ಕೊಂಡುಕುರಿ ಇರ್ಬೇಕು ಸಾರ್. ನಾಲ್ಕು ಕೊಂಬು ಗಂಡಿಗೆ ಮಾತ್ರ" ಎಂದರು. ಆ ಹತ್ತು ಸೆಕೆಂಡಿಗಾಗಿ ಮತ್ತೆ ಬೆಳಿಗ್ಗೆ ನಾಲ್ಕಕ್ಕೆ ಏಳಲು ನಾನು ಸಿದ್ಧ.

ರಸ್ತೆಬದಿಯ ಹುತ್ತಗಳನ್ನು ಗಮನಿಸಿ. ಬಗೆದು ಗುಂಡಿ ಮಾಡಿದ್ದರೆ ಗೆದ್ದಲಿಗಾಗಿ ಕರಡಿ ಬಂದುಹೋಗಿದೆ ಎಂದರ್ಥ. ಅಂಥ ಕಡೆ ಕೆಳಗಿಳಿದು ಪೊದೆಯೊಳಗೆ ಹೋಗುವ ಧೈರ್ಯ ಬೇಡ, ಮಕ್ಕಳನ್ನಂತೂ ಬಿಡಲೇಬೇಡಿ.

ತುದಿ ಸುಮಾರು 3,800 ಅಡಿ ಎತ್ತರದಲ್ಲಿದೆ. ಬಿಸಿಲಿದ್ದರೂ ಗಾಳಿ ಕಿವಿ ಕೊರೆಯುತ್ತದೆ, ಶಾಲು ಇರಲಿ. ನೀರು, ತಿಂಡಿ ದುರ್ಗದಲ್ಲೇ ಕಟ್ಟಿಸಿಕೊಳ್ಳಿ. ಪ್ರವೇಶದ ಸಮಯ ಮತ್ತು ಟಿಕೆಟ್ ಬಗ್ಗೆ ಹಿಂದಿನ ದಿನವೇ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಬೇಸಿಗೆ ಬಲಿತರೆ ಬೆಂಕಿಯ ಭಯಕ್ಕೆ ಯಾವಾಗ ಬೇಕಾದರೂ ತಡೆಯಬಹುದು. ಬೀಡಿ, ಸಿಗರೇಟು, ಬೆಂಕಿಪೊಟ್ಟಣ ಕಾರಿನಲ್ಲೂ ಬೇಡ. ಮೊಣಕಾಲುದ್ದ ಒಣಗಿದ ಹುಲ್ಲು, ಅದರ ಮೇಲೆ ತರಗೆಲೆ, ಜೊತೆಗೆ ಆ ಗಾಳಿ.

ಮಕ್ಕಳಿದ್ದರೆ ಇಳಿಯುವಾಗ ಆಡುಮಲ್ಲೇಶ್ವರದ ಕಿರು ಮೃಗಾಲಯಕ್ಕೆ ಒಂದು ಗಂಟೆ ಕೊಡಿ.