ಕೇಸ್ ಬರೆಯಿರಿ ಸರ್

ಬಾರ್ ಮುಚ್ಚುವ ಹೊತ್ತಿಗೆ ಬೆಂಗಳೂರಿನಲ್ಲಿ ನನ್ನಂಥವರಿಗೆ ಫೋನ್ ಬರುತ್ತದೆ. ನಾನು ಆಕ್ಟಿಂಗ್ ಡ್ರೈವರ್. ಕುಡಿದವರನ್ನು ಅವರದೇ ಕಾರಿನಲ್ಲಿ ಮನೆಗೆ ಮುಟ್ಟಿಸುವುದು ಕೆಲಸ. ಹಾಗಾಗಿ ಪೊಲೀಸರ ಮೆಷಿನ್‌ಗೆ ಊದುವುದು ನನಗೆ ಮಾಮೂಲು.

ಪೊಲೀಸಿನವರು ಕಿಟಕಿಗೆ ಬಗ್ಗುತ್ತಾರೆ. ಕಾರಿನ ತುಂಬ ವಿಸ್ಕಿ ವಾಸನೆ. ಹಿಂದೆ ಕೂತ ಓನರ್ ರೇಗುತ್ತಾರೆ: “ಡ್ರೈವರ್ ಕುಡಿದಿಲ್ಲ ಕಣ್ರೀ, ಬಿಡ್ರೀ!” ನಾನೇ ಹೇಳುತ್ತೇನೆ, “ಇರ್ಲಿ ಸರ್, ಊದ್ತೀನಿ.” ಅನುಮಾನಕ್ಕೆ ಸರಿಯಾದ ಕಾರಣ ಇದ್ದರೆ ಯೂನಿಫಾರಂನಲ್ಲಿರುವ ಪೊಲೀಸರು ಊದಿಸಬಹುದು. ಮೋಟಾರು ವಾಹನ ಕಾಯ್ದೆಯ 203ನೇ ಸೆಕ್ಷನ್ ಇರುವುದೇ ಅದಕ್ಕೆ. ಅಷ್ಟು ವಾಸನೆ ಬಂದ ಮೇಲೆ ಬೇರೆ ಕಾರಣ ಬೇಕಾ? ನಾನು ನೋಡುವುದು ಪೈಪ್ ಹೊಸದಾ ಅಂತ. ಕಣ್ಣೆದುರೇ ಕವರ್ ಹರಿದು ಹಾಕಿದರೆ ಸರಿ. ಇಲ್ಲದಿದ್ದರೆ “ಹೊಸದು ಹಾಕಿ ಸರ್” ಅನ್ನುತ್ತೇನೆ. ಇನ್ನೊಬ್ಬರ ಎಂಜಲಿಗೆ ಯಾಕೆ ಬಾಯಿ ಹಾಕಬೇಕು? ಬೀಪ್ ನಿಲ್ಲುವ ತನಕ ಒಂದೇ ಉಸಿರಿಗೆ ಊದಬೇಕು. ಸೊನ್ನೆ ಬರುತ್ತದೆ, ಹೊರಡುತ್ತೇವೆ.

100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯದಂಶ ದಾಟಿದರೆ ಕೇಸು. ಊದಲ್ಲ ಅಂತ ಹಠ ಹಿಡಿದರೂ ತಪ್ಪಿಸಿಕೊಳ್ಳಲು ಆಗುವುದಿಲ್ಲ. ವಾರಂಟ್ ಇಲ್ಲದೆ ಬಂಧಿಸಬಹುದು, ರಕ್ತ ಪರೀಕ್ಷೆಗೆ ಕಳಿಸಬಹುದು. ಸರಿಯಾದ ಕಾರಣ ಕೊಡದೆ ಬೇಡ ಅಂದದ್ದೇ ಕೋರ್ಟಿನಲ್ಲಿ ಅವನಿಗೆ ಮುಳುವಾಗುತ್ತದೆ. ಗಾಂಜಾ, ನಿದ್ದೆ ಮಾತ್ರೆ ಈ ಮೆಷಿನ್‌ಗೆ ಗೊತ್ತಾಗುವುದಿಲ್ಲ. ಆದರೆ ಆ ಅಮಲಿನಲ್ಲಿ ಹಿಡಿತ ತಪ್ಪಿ ಓಡಿಸುವುದೂ 185ನೇ ಸೆಕ್ಷನ್ ಪ್ರಕಾರ ಅಪರಾಧವೇ.

ನನಗೆ ಹೊಟ್ಟೆ ಉರಿಯುವುದು ರಸ್ತೆ ಬದಿಯಲ್ಲೇ ವ್ಯವಹಾರ ಕುದುರಿಸುವವರನ್ನು ಕಂಡರೆ. ಮೊದಲು 2,000 ರೂಪಾಯಿವರೆಗೆ ಇದ್ದ ದಂಡ 2019ರ ಸೆಪ್ಟೆಂಬರ್‌ನಿಂದ ಮೊದಲ ಸಲಕ್ಕೇ 10,000 ಆಗಿದೆ. ಆರು ತಿಂಗಳವರೆಗೆ ಜೈಲೂ ಆಗಬಹುದು. ದಂಡ ಏರಿದ ಮೇಲೆ “ಇಲ್ಲೇ ಮುಗಿಸಿ ಸರ್” ಅನ್ನುವವರೂ ಜಾಸ್ತಿ ಆದರು. ಕುಡಿದು ಓಡಿಸಿದ್ದಕ್ಕೆ ಸ್ಪಾಟ್ ಫೈನ್ ಅನ್ನುವುದೇ ಇಲ್ಲ, ಕೋರ್ಟಿಗೇ ಹೋಗಬೇಕು. ರಸ್ತೆ ಬದಿಯಲ್ಲಿ ಕೈ ಬದಲಾಗುವ ನೋಟು ಲಂಚ, ಇಬ್ಬರದೂ ತಪ್ಪು. ಕೊಟ್ಟವನು ಅದೇ ಅಮಲಿನಲ್ಲಿ ಮತ್ತೆ ಸ್ಟೇರಿಂಗ್ ಹಿಡಿಯುತ್ತಾನೆ. ಮುಂದಿನ ಸಿಗ್ನಲ್‌ನಲ್ಲಿ ಅವನ ಪಕ್ಕ ನಾನಿರುತ್ತೇನೆ, ಆಸ್ಪತ್ರೆ ಡ್ಯೂಟಿ ಮುಗಿಸಿ ಸ್ಕೂಟರ್‌ನಲ್ಲಿ ಹೊರಟ ನರ್ಸ್ ಇರುತ್ತಾರೆ. ನಮ್ಮ ಗತಿ ಏನು?

ಗೆಳೆಯ ಸಿಕ್ಕಿಬಿದ್ದು ಫೋನ್ ಮಾಡಿದರೆ “ಸೆಟಲ್ ಮಾಡ್ಕೋ” ಅನ್ನಬೇಡಿ. ಮೆಷಿನ್ ತೋರಿಸಿದ ಅಂಕಿ ನೋಡಿ, ಚೀಟಿ ಇಸ್ಕೊಂಡು, ಕೇಸ್ ಬರೆಸಿಕೊಳ್ಳಲು ಹೇಳಿ. ಕಾರು ತರಲು ಕುಡಿಯದ ಒಬ್ಬರನ್ನು ಕಳಿಸಿ.