ಖಾಲಿ ಕುಳಿತ ಹೋಮ್ ಸರ್ವರಿಗೆ ಕೆಲಸ ಹುಡುಕಿದ ಬಗೆ

ನಮ್ಮ ಮನೆಯ ರೌಟರಿನ ಪಕ್ಕದಲ್ಲಿ ಅಂಗೈಯಗಲದ ಒಂದು ಮಿನಿ ಪಿಸಿ ಹೋಮ್ ಸರ್ವರ್ ಆಗಿ, ಅಂದರೆ ಮನೆಯ ಸಾಧನಗಳಿಗೆ ಸೇವೆ ಒದಗಿಸುವ ಕಂಪ್ಯೂಟರಾಗಿ, ಎರಡು ವರ್ಷಗಳಿಂದ ಹಗಲೂ ರಾತ್ರಿ ಓಡುತ್ತಿದೆ. ಅದರಲ್ಲಿರುವುದು ಇಂಟೆಲ್ ಎನ್100 ಪ್ರೊಸೆಸರ್, 16 ಜಿಬಿ ರ್‍ಯಾಮ್ ಮತ್ತು 512 ಜಿಬಿಯ ಎಸ್‌ಎಸ್‌ಡಿ. ಜಾಹೀರಾತುಗಳನ್ನು ತಡೆಯುವ ಪೈ-ಹೋಲ್ ನಡೆಸುವುದಕ್ಕೆಂದೇ ಅದನ್ನು ತಂದಿದ್ದೆ. ಕೆಲವು ತಿಂಗಳಾದ ಮೇಲೆ ಒಂದು ರಾತ್ರಿ ದೂರದಿಂದಲೇ ಲಾಗಿನ್ ಆಗಲು ಬರುವ ಎಸ್‌ಎಸ್‌ಎಚ್ ಮೂಲಕ ಒಳಹೊಕ್ಕು, ಯಂತ್ರದ ಬಳಕೆಯನ್ನು ತೋರಿಸುವ ಎಚ್‌ಟಾಪ್ ತೆರೆದು ನೋಡಿದಾಗ ನಾಲ್ಕು ಕೋರ್‌ಗಳೂ ಶೇಕಡಾ ಒಂದರ ಆಸುಪಾಸಿನಲ್ಲಿದ್ದವು. ರ್‍ಯಾಮ್‌ನಲ್ಲಿ ಒಂದು ಜಿಬಿಯೂ ಬಳಕೆಯಾಗಿರಲಿಲ್ಲ. ಪ್ಲಗ್ಗಿಗೆ ಮೀಟರ್ ಹಾಕಿ ಅಳೆದರೆ 8 ವ್ಯಾಟ್ ತೋರಿಸಿತು. ವರ್ಷದ 8,760 ಗಂಟೆಗಳಿಗೆ ಅದು ಸುಮಾರು 70 ಯೂನಿಟ್ ಆಗುತ್ತದೆ. ಆ ವಿದ್ಯುತ್ತು ಹೇಗಿದ್ದರೂ ಖರ್ಚಾಗುವುದೇ ಆದ್ದರಿಂದ, ಅದೇ ಯಂತ್ರದಿಂದ ಇನ್ನೂ ನಾಲ್ಕು ಕೆಲಸ ಮಾಡಿಸಿಕೊಳ್ಳಬೇಕೆನಿಸಿತು.

ಮೊದಲು ನಾನು ಹಿಡಿದದ್ದು ತಪ್ಪು ದಾರಿ. ಸೆಲ್ಫ್-ಹೋಸ್ಟಿಂಗ್ ಸಾಫ್ಟ್‌ವೇರ್‌ಗಳ, ಅಂದರೆ ನಮ್ಮದೇ ಯಂತ್ರದಲ್ಲಿ ನಡೆಸಿಕೊಳ್ಳುವ ಸೇವೆಗಳ, ಪಟ್ಟಿಗಳನ್ನು ಮುಂದಿಟ್ಟುಕೊಂಡು, ಚೆನ್ನಾಗಿ ಕಂಡದ್ದನ್ನೆಲ್ಲ ಇನ್‌ಸ್ಟಾಲ್ ಮಾಡುತ್ತ ಹೋದೆ. ಪ್ರತಿ ಸೇವೆಯನ್ನೂ ಕಂಟೇನರ್ ಎಂಬ ಪ್ರತ್ಯೇಕ ಪೆಟ್ಟಿಗೆಯಲ್ಲಿ ಓಡಿಸುವ ಡಾಕರ್ ಕಂಪೋಸ್ ಇರುವಾಗ ಹೊಸ ಸೇವೆಯೊಂದನ್ನು ಎಬ್ಬಿಸಲು ಹತ್ತು ನಿಮಿಷವೂ ಬೇಡ. ಒಂದೇ ವಾರದಲ್ಲಿ ಹನ್ನೊಂದು ಕಂಟೇನರ್‌ಗಳು ಓಡತೊಡಗಿದವು. ಮೂರು ತಿಂಗಳ ನಂತರ ಲಾಗ್ ತೆಗೆದು ನೋಡಿದರೆ ಅವುಗಳಲ್ಲಿ ಎಂಟನ್ನು ಯಾರೂ ತೆರೆದೇ ಇರಲಿಲ್ಲ. ಬಳಸದ ಸೇವೆಗೂ ಅಪ್‌ಡೇಟ್ ಬೇಕು, ಅದರಲ್ಲಿಯೂ ಭದ್ರತೆಯ ಲೋಪಗಳಿರುತ್ತವೆ. ಹಾಗಾಗಿ ಆ ಎಂಟನ್ನೂ ಅಳಿಸಿಹಾಕಿದೆ.

ಆಮೇಲೆ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟೆ. ಮನೆಯಲ್ಲಿ ಯಾರಾದರೂ ‘ಅದು ಎಲ್ಲಿದೆ?’, ‘ಅದನ್ನು ನನಗೆ ಕಳಿಸು’, ‘ಫೋನ್ ತುಂಬಿಹೋಗಿದೆ’ ಎಂದಾಗಲೆಲ್ಲ ಒಂದು ಸಾಲು ಬರೆದಿಡಬೇಕೆಂಬುದಷ್ಟೇ ನಿಯಮ. ಎರಡು ವಾರಗಳಲ್ಲಿ ಮೂವತ್ತಕ್ಕೂ ಹೆಚ್ಚು ಸಾಲುಗಳಾದವು, ಅವುಗಳಲ್ಲಿ ಅರ್ಧದಷ್ಟು ಕಾಗದಪತ್ರಗಳಿಗೆ ಸಂಬಂಧಿಸಿದ್ದವು. ಯಾವ ಸೇವೆ ಬೇಕೆಂಬುದು ಅಲ್ಲಿಯೇ ಗೊತ್ತಾಯಿತು. ಅಚ್ಚರಿಯೆಂದರೆ, ಪಟ್ಟಿಗಳಲ್ಲಿ ಎಲ್ಲರೂ ಮೊದಲು ಹೇಳುವ ಸಿನಿಮಾ ಸರ್ವರಿಗೆ ಹೊಂದುವ ಒಂದು ಸಾಲೂ ನೋಟ್‌ಬುಕ್ಕಿನಲ್ಲಿರಲಿಲ್ಲ. ಆ ಬಗೆಯ ಜೆಲ್ಲಿಫಿನ್ ಒಳ್ಳೆಯ ಸಾಫ್ಟ್‌ವೇರ್, ಎನ್100 ಚಿಪ್ಪಿನಲ್ಲಿ ವಿಡಿಯೋ ಪರಿವರ್ತಿಸುವ ಕ್ವಿಕ್ ಸಿಂಕ್ ಅದಕ್ಕೆ ಧಾರಾಳವಾಗಿ ಸಾಕಾಗುತ್ತದೆ. ಆದರೆ ನಮ್ಮಲ್ಲಿ ನೋಡುವಂಥ ವಿಡಿಯೋ ಸಂಗ್ರಹವೇ ಇಲ್ಲ.

ಕಾಗದಪತ್ರಗಳಿಗೆ ಪೇಪರ್‌ಲೆಸ್-ಎನ್‌ಜಿಎಕ್ಸ್ ಹಾಕಿದೆ. ಈ ಯಂತ್ರಕ್ಕೆ ನಾನು ಹಚ್ಚಿದ ಕೆಲಸಗಳಲ್ಲಿ ಅತ್ಯಂತ ಬೆಲೆಬಾಳುವುದು ಇದೇ ಎಂದು ಖಂಡಿತವಾಗಿ ಹೇಳಬಲ್ಲೆ. ಸ್ಕ್ಯಾನ್ ಮಾಡಿದ ಪುಟವನ್ನು ಒಂದು ಫೋಲ್ಡರಿಗೆ ಹಾಕಿದರೆ ಅದು ಟೆಸರಾಕ್ಟ್ ಎಂಬ ಓಸಿಆರ್ ಎಂಜಿನ್ ಬಳಸಿ ಅಕ್ಷರಗಳನ್ನು ಓದಿ, ಮೂಲ ಫೈಲನ್ನು ಹಾಗೆಯೇ ಉಳಿಸಿಕೊಂಡು, ಹುಡುಕಲು ಬರುವ ಪಿಡಿಎಫ್ ಪ್ರತಿಯೊಂದನ್ನು ತಯಾರಿಸಿಡುತ್ತದೆ. ಟೆಸರಾಕ್ಟ್‌ಗೆ ಕನ್ನಡವೂ ಬರುತ್ತದೆ, ಆದರೆ ಪೇಪರ್‌ಲೆಸ್‌ನಲ್ಲಿ ಅದು ತಾನಾಗಿ ಸೇರಿರುವುದಿಲ್ಲ. ಕಾನ್ಫಿಗರೇಷನ್‌ನಲ್ಲಿ ಕನ್ನಡದ ಭಾಷಾ ಕಡತವನ್ನು ಸೇರಿಸಿ, ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ಓದಬೇಕೆಂದು ನಾವೇ ಹೇಳಬೇಕು. ಅಚ್ಚು ಸ್ಪಷ್ಟವಾಗಿದ್ದರೆ ಚೆನ್ನಾಗಿ ಓದುತ್ತದೆ. ಒತ್ತಕ್ಷರಗಳು ಒತ್ತಾಗಿರುವಲ್ಲಿ ಮತ್ತು ಮಸುಕಾದ ಪ್ರತಿಗಳಲ್ಲಿ ಎಡವುತ್ತದೆ, ಆದ್ದರಿಂದ ಮುಖ್ಯ ದಾಖಲೆಗಳ ಶೀರ್ಷಿಕೆಯನ್ನು ನಾನು ಕೈಯಿಂದಲೇ ಬರೆಯುತ್ತೇನೆ.

ಫೋನಿನಿಂದ ಸರ್ವರಿಗೆ ಪುಟ ತಲುಪಿಸುವ ಕೆಲಸ, ಎರಡು ಸಾಧನಗಳ ಫೋಲ್ಡರ್‌ಗಳನ್ನು ಸದಾ ಒಂದೇ ರೀತಿ ಇರಿಸುವ ಸಿಂಕ್‌ಥಿಂಗ್‌ನದು. ಫೋನಿನ ಸ್ಕ್ಯಾನ್ ಫೋಲ್ಡರನ್ನೂ ಪೇಪರ್‌ಲೆಸ್ ಕಾಯುತ್ತಿರುವ ಫೋಲ್ಡರನ್ನೂ ಅದರಲ್ಲಿ ಜೋಡಿಸಿದ್ದೇನೆ. ಮೊದಲ ದಿನ ಒಂದು ರಸೀದಿಯ ಫೋಟೋ ತೆಗೆದು ಉಳಿಸಿ, ಅರ್ಧ ನಿಮಿಷದ ನಂತರ ಫೋನಿನಲ್ಲಿ ನೋಡಿದರೆ ಫೈಲ್ ಮಾಯವಾಗಿತ್ತು. ಎದೆ ಧಸಕ್ಕೆಂದಿತು. ನಡೆದದ್ದಿಷ್ಟೇ: ಪೇಪರ್‌ಲೆಸ್ ಫೈಲನ್ನು ತನ್ನ ಸಂಗ್ರಹಕ್ಕೆ ತೆಗೆದುಕೊಂಡ ಕೂಡಲೇ ಫೋಲ್ಡರನ್ನು ಖಾಲಿ ಮಾಡುತ್ತದೆ, ಆ ಅಳಿಸುವಿಕೆಯನ್ನೂ ಸಿಂಕ್‌ಥಿಂಗ್ ನಿಷ್ಠೆಯಿಂದ ಫೋನಿಗೆ ತಲುಪಿಸುತ್ತದೆ. ಈಗ ನನಗೆ ಅದೇ ಅನುಕೂಲವಾಗಿದೆ, ಏಕೆಂದರೆ ಫೋನಿನಲ್ಲಿ ಫೈಲ್ ಉಳಿದಿದ್ದರೆ ಅದು ಇನ್ನೂ ಸಂಗ್ರಹ ಸೇರಿಲ್ಲವೆಂದು ತಿಳಿಯುತ್ತದೆ. ಅಂಗಡಿಯ ಥರ್ಮಲ್ ರಸೀದಿಗಳನ್ನು ತಂದ ದಿನವೇ ಹೀಗೆ ಸ್ಕ್ಯಾನ್ ಮಾಡುತ್ತೇನೆ, ವಾರಂಟಿ ಮುಗಿಯುವಷ್ಟರಲ್ಲಿ ಆ ಕಾಗದದ ಮೇಲಿನ ಅಕ್ಷರಗಳೇ ಅಳಿಸಿಹೋಗಿರುತ್ತವೆ.

ಆದರೆ ಇದೇ ಗುಣದಿಂದಾಗಿ ಸಿಂಕ್‌ಥಿಂಗ್ ಅನ್ನು ಬ್ಯಾಕಪ್ ಎಂದು ತಿಳಿಯಬಾರದು. ಒಂದು ಕಡೆ ಅಳಿಸಿದ್ದು ಎಲ್ಲ ಕಡೆಯೂ ಅಳಿಯುತ್ತದೆ. ಬ್ಯಾಕಪ್ಪಿಗೆ ನಾನು ರೆಸ್ಟಿಕ್ ಬಳಸುತ್ತೇನೆ. ಅದು ಎನ್‌ಕ್ರಿಪ್ಟ್ ಮಾಡಿಯೇ ಬರೆಯುತ್ತದೆ, ಬದಲಾದ ಭಾಗಗಳನ್ನಷ್ಟೇ ಸೇರಿಸಿಕೊಳ್ಳುತ್ತದೆ. ಪ್ರತಿ ರಾತ್ರಿ ಒಂದು ಪ್ರತಿ ಮನೆಯ ಹೊರಗಿನ ಡಿಸ್ಕಿಗೂ, ವಾರಕ್ಕೊಮ್ಮೆ ಒಂದು ಪ್ರತಿ ಮೇಜಿನ ಡ್ರಾಯರಿನಲ್ಲಿರುವ ಡಿಸ್ಕಿಗೂ ಹೋಗುತ್ತದೆ. ಇದರಲ್ಲಿ ಹೊಸಬರು ಎಡವುವ ಜಾಗವೊಂದಿದೆ: ಓಡುತ್ತಿರುವ ಡೇಟಾಬೇಸಿನ ಫೈಲ್‌ಗಳನ್ನು ಹಾಗೆಯೇ ನಕಲು ಮಾಡಿದರೆ, ಮರಳಿ ತರುವಾಗ ಅದು ತೆರೆಯದೇ ಹೋಗಬಹುದು. ಆದ್ದರಿಂದ ಮೊದಲು ಪೇಪರ್‌ಲೆಸ್‌ನದೇ ಎಕ್ಸ್‌ಪೋರ್ಟರ್ ಓಡಿಸಿ, ಅದು ಹೊರಹಾಕಿದ ಫೋಲ್ಡರನ್ನು ಬ್ಯಾಕಪ್ ಮಾಡುತ್ತೇನೆ. ತಿಂಗಳಿಗೊಮ್ಮೆ ಹಳೆಯ ಲ್ಯಾಪ್‌ಟಾಪಿನಲ್ಲಿ ಎಲ್ಲವನ್ನೂ ಮರಳಿ ತಂದು, ಯಾವುದಾದರೂ ಹತ್ತು ದಾಖಲೆಗಳನ್ನು ತೆರೆದು ನೋಡುತ್ತೇನೆ.

ಫೋಟೋಗಳಿಗೆ ಇಮ್ಮಿಚ್ ಇದೆ. ಸಾವಿರಾರು ಚಿತ್ರಗಳನ್ನು ಮೊದಲ ಬಾರಿ ಸೇರಿಸಿದಾಗ ಮುಖಗಳನ್ನು ಗುರುತಿಸುವ ಕೆಲಸಕ್ಕೆ ಎರಡು ದಿನ ನಾಲ್ಕೂ ಕೋರ್‌ಗಳು ಬಿಡುವಿಲ್ಲದೆ ದುಡಿದವು. ಈಗ ಅದು ಸದ್ದಿಲ್ಲದೆ ಇದೆ. ಓದಬೇಕಾದ ತಾಣಗಳ ಹೊಸ ಬರಹಗಳನ್ನು ಒಂದೆಡೆ ತರಲು ಫ್ರೆಶ್‌ಆರ್‌ಎಸ್‌ಎಸ್ ಇದೆ. ಪಾಸ್‌ವರ್ಡ್‌ಗಳಿಗೆ ವಾಲ್ಟ್‌ವಾರ್ಡನ್ ಅನ್ನು ಎಲ್ಲಕ್ಕಿಂತ ಕೊನೆಯಲ್ಲಿ, ಬ್ಯಾಕಪ್ಪನ್ನು ಆರು ಬಾರಿ ಸರಿಯಾಗಿ ಮರಳಿ ತಂದು ನೋಡಿದ ನಂತರವೇ ಹಾಕಿದೆ. ಆ ಕ್ರಮವನ್ನು ಯಾರೂ ಹಿಂದುಮುಂದು ಮಾಡಬಾರದೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಮನೆಯ ಹೊರಗಿನಿಂದ ಇವನ್ನೆಲ್ಲ ತಲುಪುವುದಕ್ಕೆ ರೌಟರಿನಲ್ಲಿ ಸೇವೆಗೊಂದು ಪೋರ್ಟ್ (ಹೊರಗಿನಿಂದ ಒಳಬರುವ ಬಾಗಿಲು) ತೆರೆಯುವುದನ್ನು ನಾನು ಒಪ್ಪುವುದಿಲ್ಲ. ತೆರೆದಿರುವುದು ವೈರ್‌ಗಾರ್ಡ್ ಎಂಬ ವಿಪಿಎನ್‌ನ (ಮನೆಯ ಜಾಲಕ್ಕೆ ಗೂಢಲಿಪಿಯ ಸುರಂಗ) ಒಂದೇ ಯುಡಿಪಿ ಪೋರ್ಟ್, ಸರಿಯಾದ ಕೀ ಇಲ್ಲದವರಿಗೆ ಅದು ಉತ್ತರವನ್ನೇ ಕೊಡುವುದಿಲ್ಲ. ರೌಟರಿನ ಹೊರಗಿನ ಐಪಿ ವಿಳಾಸ 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ, ಅಂದರೆ ಒಂದೇ ಹೊರಗಿನ ವಿಳಾಸವನ್ನು ಇಂಟರ್‌ನೆಟ್ ಕಂಪನಿ ಹಲವರಿಗೆ ಹಂಚಿದೆ ಎಂದರ್ಥ. ಆಗ ಪೋರ್ಟ್ ತೆರೆದೂ ಪ್ರಯೋಜನವಿಲ್ಲ, ಪೋರ್ಟ್ ತೆರೆಯದೆಯೇ ಸಾಧನಗಳನ್ನು ಜೋಡಿಸುವ ಟೇಲ್‌ಸ್ಕೇಲ್‌ನಂಥದ್ದು ಬೇಕಾಗುತ್ತದೆ.

ಪೈ-ಹೋಲ್ ಮಾತ್ರ ಈಗ ಈ ಯಂತ್ರದಲ್ಲಿಲ್ಲ. ತಾಣಗಳ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಕೆಲಸವೂ ಅದರದೇ ಆದ್ದರಿಂದ, ಸರ್ವರನ್ನು ರೀಸ್ಟಾರ್ಟ್ ಮಾಡಿದಾಗಲೆಲ್ಲ ಇಡೀ ಮನೆಯ ಇಂಟರ್‌ನೆಟ್ ನಿಂತುಹೋಗುತ್ತಿತ್ತು. ಎರಡನೆಯ ಡಿಎನ್‌ಎಸ್ ಆಗಿ ಹೊರಗಿನ ವಿಳಾಸ ಕೊಟ್ಟು ನೋಡಿದೆ. ಹಲವು ಸಾಧನಗಳು ಅದನ್ನು ಆಪತ್ತಿಗೆಂದು ಕಾದಿರಿಸದೆ ಮನಬಂದಂತೆ ಬಳಸುವುದರಿಂದ ಜಾಹೀರಾತುಗಳು ಮತ್ತೆ ನುಸುಳತೊಡಗಿದವು. ಕೊನೆಗೆ ಪೈ-ಹೋಲನ್ನು ರಾಸ್ಪ್‌ಬೆರಿ ಪೈ ಎಂಬ ಹಳೆಯ ಪುಟ್ಟ ಕಂಪ್ಯೂಟರೊಂದಕ್ಕೆ ಸಾಗಿಸಿದೆ. ಇಷ್ಟೆಲ್ಲ ಹೊತ್ತೂ ಸರ್ವರಿನ ರ್‍ಯಾಮ್ ಇನ್ನೂ ಅರ್ಧಕ್ಕಿಂತ ಹೆಚ್ಚು ಖಾಲಿಯೇ ಇದೆ, ಅದನ್ನು ತುಂಬಬೇಕೆಂಬ ತವಕ ನನಗೀಗ ಇಲ್ಲ.

ನೋಟ್‌ಬುಕ್ಕಿನಲ್ಲಿ ಉಳಿದಿರುವುದು ಒಂದೇ ಸಾಲು: ಮನೆಯ ಎಲ್ಲರಿಗೂ ಒಂದೇ ಕ್ಯಾಲೆಂಡರ್ ಬೇಕು. ರಾಡಿಕೇಲ್ ಎಂಬ ಪುಟ್ಟ ಸರ್ವರ್ ಕ್ಯಾಲೆಂಡರನ್ನು ಸಾಮಾನ್ಯ ಫೈಲ್‌ಗಳಾಗಿಯೇ ಇಡುವುದರಿಂದ ಅದರ ಬ್ಯಾಕಪ್ಪಿಗೆ ಬೇರೆ ಏರ್ಪಾಡು ಬೇಕಿಲ್ಲ. ಈ ಭಾನುವಾರ ಅದನ್ನು ಹಾಕಿ, ಫೋನ್‌ಗಳನ್ನು ಜೋಡಿಸಿ, ಒಂದು ತಿಂಗಳು ಬಳಸಿ ನೋಡಲಿದ್ದೇವೆ.